ನೋವಮ್ ಆರ್ಗನಮ್

ಆಂಗ್ಲ ತತ್ತ್ವಜ್ಞ ಫ್ರಾನ್ಸಿಸ್ ಬೇಕನ್ (1561-1626) ಲಾರ್ಡ್ ಚಾನ್ಸೆಲರ್ ಪದವಿಯಲ್ಲಿದ್ದಾಗ, 1620ರಲ್ಲಿ, ಲ್ಯಾಟಿನ್ ಭಾಷೆಯಲ್ಲಿ ಸೂತ್ರರೂಪವಾಗಿ ಪ್ರಕಟಿಸಿದ ಗ್ರಂಥ. ಅರಿಸ್ಟಾಟಲನ ತರ್ಕಗ್ರಂಥಗಳಿಗೆ ಪ್ರತಿಯಾಗಿ, ವಿಶೇಷಗಳ ಪರಿಶೀಲನದಿಂದ ಮೆಟ್ಟಿಲು ಮೆಟ್ಟಿಲಾಗಿ ಸಾಮಾನ್ಯ ನಿಯಮಕ್ಕೇರುವ ಅನುಗಮನ ವಿಧಾನವನ್ನು ಇದು ಪ್ರತಿಪಾದಿಸುತ್ತದೆ. ಮೊದಲ ಭಾಗದಲ್ಲಿ ಬುದ್ಧಿಯನ್ನು ಮುಸುಕುವ ಚತುರ್ವಿಧ ಭ್ರಾಂತಿಗಳ ವಿವೇಚನೆಯಿದೆ. ಎರಡನೆಯ ಭಾಗದ ಉಷ್ಣವಿಚಾರವಂತೂ ಸ್ವಾರಸ್ಯಕರ: ಬಿಸಿಲು, ಜ್ವಾಲೆ, ಕುದಿನೀರು ಮೊದಲಾದ ಉಷ್ಣವುಳ್ಳವುಗಳನ್ನೂ, ಬೆಳದಿಂಗಳಿನಂತೆ ಬೆಳಕಿದ್ದೂ ಉಷ್ಣವಿಲ್ಲದವುಗಳನ್ನೂ, ಉಷ್ಣವು ಏರಿಳಿಯುವವುಗಳನ್ನೂ ಬೇರೆಬೇರೆ ಪಟ್ಟಿಗಳಲ್ಲಿರಿಸಿ, ಸಲ್ಲದ ಕಾರಣಗಳನ್ನು ಒಂದೊಂದಾಗಿ ತಳ್ಳಿಹಾಕಿ, ಉಷ್ಣವೆಂಬುದು ಒಂದು ಬಗೆಯ ಚಲನವೆಂಬ ನಿರ್ಣಯಕ್ಕೆ ಗ್ರಂಥಕರ್ತನು ಬರುತ್ತಾನೆ. ಗಣಿತದ ಸಾಮರ್ಥ್ಯವನ್ನು ಈತನು ತಕ್ಕಷ್ಟು ಮನಗಾಣದುದು ಗ್ರಂಥದ ದೊಡ್ಡ ಕೊರತೆಯೇ ಸರಿ. ಸಮಕಾಲೀನನಾದ ಗೆಲಿಲಿಯೊ ಅದನ್ನು ಚೆನ್ನಾಗಿ ಬಲ್ಲವನಾಗಿದ್ದನು. ಆದರೂ ಇಂಗ್ಲೆಂಡಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಯ, 1667ರಲ್ಲಿ ಪ್ರಕಟವಾದ ಇತಿಹಾಸದ ಮುಖಚಿತ್ರದಲ್ಲಿ ಬೇಕನ್ನನಿಗೂ ಸ್ಥಾನ ಸಂದಿದೆ.