ಮರ ಕಡಿಯಬಾರದೆಂದು ಪತ್ರ ಬರೆಯಲು ಬರುತ್ತದೆಯೇ?

ಹಳೇ ಮೈಸೂರಿನ ಊರುಗಳಲ್ಲಿ ಗುಡಿಯ ಮುಂದೆಯೋ ಕೆರೆ ಏರಿಯ ಮೇಲೋ ನಿಂತಿರುವ ದಾನಶಾಸನಗಳನ್ನು ಹತ್ತಿರ ಹೋಗಿ ನೋಡಿ. ನೆತ್ತಿಯಲ್ಲಿ ಸೂರ್ಯ, ಚಂದ್ರ; ಕೆಲವದರಲ್ಲಿ ಹಸು-ಕರು. ಕೆಳಗೆ ಯಾರು ಯಾರಿಗೆ ಎಷ್ಟು ಗದ್ದೆ ಬಿಟ್ಟರು, ನಾಲ್ಕು ದಿಕ್ಕಿನ ಎಲ್ಲೆ ಯಾವುದು ಎಂಬ ವಿವರ. ಕೊನೆಯಲ್ಲಿ ಶಾಪ: ಕೊಟ್ಟ ಭೂಮಿಯನ್ನು ಕಸಿದವನು ಅರವತ್ತು ಸಾವಿರ ವರ್ಷ ಹೇಸಿಗೆಯ ಹುಳುವಾಗಿ ಹುಟ್ಟುತ್ತಾನೆ. ನಾನು ಮದ್ದೂರು ಸೀಮೆಯ ಪತ್ರ ಬರಹಗಾರ. ಆ ಕಲ್ಲುಗಳಲ್ಲಿ ನನ್ನ ಕಸುಬಿನ ಎಲ್ಲವೂ ಇದೆ. ಜೊತೆಗೆ, ಹುಟ್ಟದೇ ಇರುವ ಮೊಮ್ಮಕ್ಕಳನ್ನೂ ಕಟ್ಟುವ ಷರತ್ತಿದೆ.

ನಾವು ಇವತ್ತು ಬರೆಯುವ ಕ್ರಯಪತ್ರದಲ್ಲಿ ಆ ಶಾಸನಗಳ ಒಂದು ಸಾಲು ಈಗಲೂ ಉಳಿದಿದೆ. ನಿಧಿ, ನಿಕ್ಷೇಪ, ಜಲ, ಪಾಷಾಣ ಎಂದು ಶುರುವಾಗಿ, ಅನೇಕ ಪತ್ರಗಳಲ್ಲಿ ತರುವನ್ನೂ ಸೇರಿಸಿಕೊಂಡು, ಸಕಲ ಹಕ್ಕೂ ಕೊಂಡವನಿಗೆ ಹೋಗುತ್ತದೆ. ಮಾರುವವನು ಮರವನ್ನು ಮಾತ್ರ ಉಳಿಸಿಕೊಳ್ಳಬೇಕೆಂದರೆ ಏನು ಮಾಡಬೇಕು?

ಊರಿನ ಹಿರಿಯರೊಬ್ಬರು ವಿಭಾಗಪತ್ರ ಬರೆಸಲು ಬಂದಾಗ ಇದನ್ನೇ ಕೇಳಿದ್ದರು: “ಸ್ವಾಮಿ, ಹುಣಸೆಮರ ಯಾರೂ ಕಡೀಬಾರ್ದು ಅಂತ ಪತ್ರದಾಗೇ ಹಾಕ್‌ಬುಡಿ.” ಹಾಕಬಹುದು, ನಿಲ್ಲುವುದು ಕಷ್ಟ ಎಂದೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 11ನೇ ಕಲಮಿನ ಪ್ರಕಾರ, ಸ್ವತ್ತನ್ನು ಪೂರ್ತಿ ಬಿಟ್ಟುಕೊಟ್ಟ ಮೇಲೆ ಹೀಗೇ ಅನುಭವಿಸಬೇಕೆಂಬ ಕಟ್ಟಳೆ ಪಡೆದವನನ್ನು ಕಟ್ಟುವುದಿಲ್ಲ. ಪಕ್ಕದಲ್ಲಿ ಕೊಟ್ಟವನದೇ ಜಮೀನಿದ್ದು ಅದರ ಅನುಕೂಲಕ್ಕೆ ಷರತ್ತು ಬೇಕಿದ್ದರೆ ಮಾತ್ರ ವಿನಾಯಿತಿ. ವಿಲ್ ಬರೆದರೂ ಹೆಚ್ಚುಕಡಿಮೆ ಇದೇ ಪಾಡು. ಅವರು ಬಹಳ ಹೊತ್ತು ಮಾತಾಡಲಿಲ್ಲ.

ಅವರ ಮಾತಿನ ಹಿಂದೆ ನಮ್ಮ ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ನೆನಪಿತ್ತು. ಅಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವುದು ಸರ್ಕಾರಿ ಕಾಡಿನಲ್ಲಲ್ಲ, ಮನೆಗಳ ನಡುವೆ ಜನರ ಸ್ವಂತ ಹುಣಸೆಮರಗಳಲ್ಲಿ. 1916ರ ಸುಮಾರಿಗೆ ಪ್ಲೇಗಿಗೆ ಹೆದರಿ ಶಿಂಷಾ ದಂಡೆಯ ಹಳೇ ಊರು ಬಿಟ್ಟು ಬಂದಾಗ ಹಕ್ಕಿಗಳೂ ಹಿಂದೆಯೇ ಬಂದವು ಎಂದು ಊರವರು ಹೇಳುತ್ತಾರೆ. ತವರಿಗೆ ಬಾಣಂತನಕ್ಕೆ ಬಂದ ಹೆಣ್ಣುಮಕ್ಕಳೆಂದೇ ಅವುಗಳನ್ನು ಕಂಡವರು. ಮರದಡಿ ಗುಂಡಿ ತೋಡಿ, ಬಿದ್ದ ಹಿಕ್ಕೆಯನ್ನು ಕೆರೆಗೋಡಿನ ಜೊತೆ ಕಲೆಸಿ ಹೊಲಕ್ಕೆ ಹಾಕುತ್ತಿದ್ದರು. ಆದರೆ ಗೂಡು ತುಂಬಿದ ಮರದಲ್ಲಿ ಹುಣಸೆ ಫಸಲು ಕೈಗೆ ಬರುವುದಿಲ್ಲ. ಆ ನಷ್ಟವನ್ನು ತಲೆಮಾರುಗಳ ಕಾಲ ಮನೆಯವರೇ ಹೊತ್ತರು, ಯಾವ ಪತ್ರವೂ ಇಲ್ಲದೆ. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಈ ಹಕ್ಕಿಗಳ ನೆಲೆಯನ್ನು ಹೊರಗಿನವರ ಗಮನಕ್ಕೆ ತಂದರು. ಮುಂದೆ ಮರದ ಒಡೆಯರಿಗೆ ಇಲಾಖೆ ಪರಿಹಾರ ಕೊಡತೊಡಗಿತು.

ಕಾನೂನಿನ ಆಸರೆ ಬಂದದ್ದು ಬಹಳ ತಡವಾಗಿ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿ ‘ಸಮುದಾಯ ಮೀಸಲು’ ಎಂಬ ದಾರಿ ತೆರೆಯಿತು. ಊರವರಾಗಲಿ ಒಬ್ಬ ವ್ಯಕ್ತಿಯಾಗಲಿ ತಾವಾಗಿ ಮುಂದೆ ಬಂದರೆ ಖಾಸಗಿ ಜಮೀನನ್ನೂ ಹಾಗೆ ಘೋಷಿಸಬಹುದು. ಒಡೆತನ ಒಡೆಯನದೇ. ಆದರೆ ನಿರ್ವಹಣಾ ಸಮಿತಿಯ ನಿರ್ಣಯ, ಸರ್ಕಾರದ ಒಪ್ಪಿಗೆ ಎರಡೂ ಇಲ್ಲದೆ ಭೂಬಳಕೆ ಬದಲಿಸುವಂತಿಲ್ಲ. 2007ರಲ್ಲಿ ಕೊಕ್ಕರೆ ಬೆಳ್ಳೂರು ಸಮುದಾಯ ಮೀಸಲಾಯಿತು.

ಇನ್ನೊಂದು ದಾರಿ ಸಾರ್ವಜನಿಕ ಟ್ರಸ್ಟ್. ಜಮೀನನ್ನು ಶಾಶ್ವತವಾಗಿ ಲೋಕಹಿತಕ್ಕೆ ಬಿಡಲು ಅದೇ ಸ್ವತ್ತು ವರ್ಗಾವಣೆ ಕಾಯ್ದೆಯ 18ನೇ ಕಲಮೇ ಅವಕಾಶ ಇಟ್ಟಿತ್ತು. ಆದರೆ 1954, 1955ರ ಕಾಯ್ದೆಗಳು ಇನಾಮುಗಳನ್ನು ರದ್ದುಮಾಡಿದವು. 1974ರ ಭೂಸುಧಾರಣೆಯ 79ಬಿ ಕಲಮು ಧರ್ಮಸಂಸ್ಥೆ, ಟ್ರಸ್ಟುಗಳು ಕೃಷಿ ಜಮೀನು ಇಟ್ಟುಕೊಳ್ಳದಂತೆ ತಡೆಯಿತು. ಉಳುವವನಿಗೆ ನ್ಯಾಯ ಸಿಗಲೇಬೇಕಿತ್ತು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಆ ಕಾಯ್ದೆಗಳನ್ನು ಬರೆದವರ ಲೆಕ್ಕದಲ್ಲಿ ನೆಲವೆಂದರೆ ಬೆಳೆ ಮಾತ್ರ. ಹಕ್ಕಿಗೋ ಮರಕ್ಕೋ ನೆಲ ಬಿಡುವ ರೈತನಿಗೆ ಅದರಲ್ಲಿ ಜಾಗವೇ ಇರಲಿಲ್ಲ. 2020ರಲ್ಲಿ 79ಬಿ ತೆಗೆದುಹಾಕಿದ್ದರಿಂದ ಟ್ರಸ್ಟಿನ ಬಾಗಿಲು ತೆರೆದಿದೆ, ನಿಜ. ಅದೇ ತಿದ್ದುಪಡಿಯಿಂದ ಕೃಷಿಕರಲ್ಲದವರೂ ಜಮೀನು ಕೊಳ್ಳುವಂತಾಗಿದೆ. ಬೆಂಗಳೂರು–ಮೈಸೂರು ಹೆದ್ದಾರಿಯ ಪಕ್ಕದ ನಮ್ಮ ತಾಲ್ಲೂಕಿನಲ್ಲಿ ಅದರ ಅರ್ಥ ವಿವರಿಸಬೇಕಾಗಿಲ್ಲ.

ಅಮೆರಿಕದಲ್ಲಿ 1981ರಲ್ಲಿ ನೆಲ, ಮರ ಉಳಿಸುವ ಇಂಥ ಷರತ್ತಿಗೆಂದೇ ಒಂದು ಮಾದರಿ ಕಾಯ್ದೆ ರೂಪಿಸಿದರು. ಪಕ್ಕದಲ್ಲಿ ಜಮೀನಿಲ್ಲದ ಸಂಸ್ಥೆಗೂ ಒಡೆಯ ‘ಇಲ್ಲಿ ಕಟ್ಟಡ ಕಟ್ಟುವುದಿಲ್ಲ, ಮರ ಕಡಿಯುವುದಿಲ್ಲ’ ಎಂಬ ಹಕ್ಕನ್ನು ಬರೆದುಕೊಡಬಹುದು. ನೋಂದಣಿಯಾದರೆ ಮುಂದಿನ ಖರೀದಿದಾರರನ್ನೂ ಅದು ಕಟ್ಟುತ್ತದೆ. ನಮ್ಮ ಸಬ್‌ರಿಜಿಸ್ಟ್ರಾರ್ ಕಛೇರಿಯಲ್ಲೂ ಅಂಥದೊಂದು ಪತ್ರ ನೋಂದಣಿಯಾಗುವಂತೆ ಕಾಯ್ದೆ ಬರಬೇಕು. ಕಲ್ಲಿನಲ್ಲಿ ಷರತ್ತು ಕೆತ್ತಿಸಿದ ನಾಡಿಗೆ ಅದು ಹೊರಗಿನದೇನೂ ಅಲ್ಲ.

ಅಲ್ಲಿಯವರೆಗೆ ಒಂದು ಮಾತು. ನಿಮ್ಮ ಜಮೀನಿನಲ್ಲಿ ಹಕ್ಕಿ ಗೂಡು ಕಟ್ಟುವ ಮರವೋ, ಅಜ್ಜನ ಕಾಲದ ತೋಪೋ ಇದ್ದು, ಅದು ಉಳಿಯಲಿ ಎಂಬ ಆಸೆಯಿದ್ದರೆ, ಮಕ್ಕಳಿಗೆ ವಿಭಾಗ ಮಾಡುವ ಮೊದಲೇ ಪಹಣಿ, ನಕ್ಷೆ ಹಿಡಿದು ಸಮುದಾಯ ಮೀಸಲಿಗಾಗಿ ಅರಣ್ಯ ಇಲಾಖೆಗೆ ಅರ್ಜಿ ಕೊಡಿ. ಜಮೀನು ನಿಮ್ಮೊಬ್ಬರದೇ ಆಗಿದ್ದರೆ ಇಂದು ನಿಮ್ಮ ಒಬ್ಬರ ರುಜು ಸಾಕು. ವಿಭಾಗವಾದ ಮೇಲೆ ಆ ಜಾಗ ಯಾರ ಯಾರ ಪಾಲಿಗೆ ಹೋಯಿತೋ ಅವರೆಲ್ಲರ ಒಪ್ಪಿಗೆ ಬೇಕಾಗುತ್ತದೆ.