ಬಾಗಿಲ ಮೇಲಿನ ಹೆಸರು

ಹೋದ ವರ್ಷದ ಮಳೆಗಾಲದಲ್ಲಿ ನಡೆದ ಸಂಗತಿ. ಹೊಳಲ್ಕೆರೆಯಲ್ಲಿ ನಾವು ಏಳೆಂಟು ಮಂದಿ ಕೂಡಿಕೊಂಡು ಹಳೆಯ ಕಾಗದಪತ್ರಗಳನ್ನು ಸಂಗ್ರಹಿಸುವ ಗೀಳೊಂದನ್ನು ಹಚ್ಚಿಕೊಂಡಿದ್ದೇವೆ. ಶಾನುಭೋಗರ ಕಡತಗಳು, ಇನಾಮಿನ ಸನ್ನದುಗಳು, ಮದುವೆಯ ಲೆಕ್ಕದ ಪುಸ್ತಕಗಳು, ಕೆರೆಯ ನೀರಿನ ತಕರಾರಿನ ಅರ್ಜಿಗಳು, ಹೀಗೆ ಅಟ್ಟದ ಮೇಲೆ ಗೆದ್ದಲಿಗೆ ಆಹಾರವಾಗುತ್ತಿರುವುದನ್ನೆಲ್ಲ ಬೇಡಿ ತಂದು, ಸ್ಕ್ಯಾನ್ ಮಾಡಿ, ಮೂಲವನ್ನು ಮನೆಯವರಿಗೆ ಮರಳಿಸುತ್ತೇವೆ. ಚಿತ್ರಗಳು ನಮ್ಮ ವೆಬ್‌ಸೈಟಿನಲ್ಲಿ ಉಳಿಯುತ್ತವೆ. ಆಸ್ತಿಯ ಮಾತಿರುವ ಕಾಗದ ಎಲ್ಲರ ಕಣ್ಣಿಗೆ ಬೀಳುವುದು ಬೇಡವೆಂದು ಕೆಲವರು ಹೇಳುವುದರಿಂದ, ಅಂಥವಕ್ಕೆ ಬೀಗ ಹಾಕಿ, ಆ ಮನೆಯವರಿಗೆ ಮಾತ್ರ ಪಾಸ್‌ವರ್ಡು ಕೊಟ್ಟಿರುತ್ತೇವೆ.

ಹೊಸದುರ್ಗದ ಕಡೆಯ ಒಬ್ಬ ಅಜ್ಜಿ ಹೀಗೆ ಒಂದು ಗಂಟು ಕಾಗದ ಕೊಟ್ಟಿದ್ದರು. ಎರಡನೆಯ ಗಂಟನ್ನು ಕೈಚೀಲದಲ್ಲಿಟ್ಟುಕೊಂಡು ಒಂದು ದಿನ ಬಂದರು. ಜೊತೆಯಲ್ಲಿ ಮೊಮ್ಮಗ. ಚೀಲವನ್ನು ತೊಡೆಯ ಮೇಲಿಂದ ಕೆಳಗಿಳಿಸದೆ, ಹುಡುಗನ ಮೊಬೈಲನ್ನು ನನ್ನ ಮುಖದ ಮುಂದೆ ಹಿಡಿಸಿ, “ಇದ್ಯಾರ ಮನೆ, ಮೇಷ್ಟ್ರೇ?” ಎಂದು ಕೇಳಿದರು.

ನೋಡಿದೆ. ನಮ್ಮ ಸಂಗ್ರಹದ ಲಾಗಿನ್ ಪುಟ. ಹೆಸರು ಬರೆಯಲು ಒಂದು ಚೌಕ, ಪಾಸ್‌ವರ್ಡಿಗೆ ಇನ್ನೊಂದು. ಅವುಗಳ ನೆತ್ತಿಯ ಮೇಲೆ, ಅಂಗಡಿಯ ಬೋರ್ಡಿನಷ್ಟು ಢಾಳಾಗಿ, ನಮಗೆ ಜಾಗ ಬಾಡಿಗೆಗೆ ಕೊಟ್ಟ ಹೋಸ್ಟಿಂಗ್ ಕಂಪನಿಯ ಹೆಸರು ಮತ್ತು ಲಾಂಛನ. ನಮ್ಮ ಹೆಸರು ಎಲ್ಲಿಯೂ ಇಲ್ಲ. ದಿನವೂ ಆ ಬಾಗಿಲಿನಿಂದಲೇ ಒಳಗೆ ಹೋಗಿಬರುತ್ತಿದ್ದ ನನಗೆ ಅದು ಕಣ್ಣಿಗೇ ಬಿದ್ದಿರಲಿಲ್ಲವೆಂಬುದು ನಾಚಿಕೆಯ ಮಾತು.

“ಅದು ನಮ್ಮದೇ ಅಮ್ಮ. ಅವರು ಜಾಗ ಕೊಟ್ಟವರು ಅಷ್ಟೇ.”

“ನಾನು ಕೊಟ್ಟಿದ್ದು ನಿಮ್ಮ ಕೈಗೆ. ಇವರ್ಯಾರೋ ನನಗೆ ಗೊತ್ತಿಲ್ಲ. ಹೊಲದ ಕಾಗದ ಅವು.”

ಎರಡನೆಯ ಗಂಟು ಚೀಲದಲ್ಲಿಯೇ ಊರಿಗೆ ಮರಳಿತು. ಮೊದಲನೆಯದರ ಚಿತ್ರಗಳನ್ನೂ ತೆಗೆದುಬಿಡಬೇಕೆಂದು ಹೇಳಿಹೋದರು. ತೆಗೆದೆವು.

ವಿಷಯ ತಿಳಿಯದ ವಾಚಕರಿಗಾಗಿ ಎರಡು ಮಾತು. ವೆಬ್‌ಸೈಟೆಂಬುದು ಎಲ್ಲಿಯೋ ಒಂದು ಕಡೆ, ಹಗಲಿರುಳು ಎಚ್ಚರವಾಗಿರುವ ಕಂಪ್ಯೂಟರಿನಲ್ಲಿ ವಾಸಮಾಡಬೇಕು. ಆ ಯಂತ್ರವನ್ನು ಸಾಕುವ ಶಕ್ತಿ ನಮ್ಮಂಥವರಿಗಿಲ್ಲ. ಅದಕ್ಕೇ ಹೋಸ್ಟಿಂಗ್ ಕಂಪನಿಗಳು ವರ್ಷಕ್ಕಿಷ್ಟೆಂದು ಬಾಡಿಗೆ ಪಡೆದು ಜಾಗ ಕೊಡುತ್ತವೆ. ಪುಟಗಳನ್ನು ಕಟ್ಟುವ ತಂತ್ರಾಂಶ ಬೇರೆಯವರದು. ನಾವು ಬಳಸುವ ವರ್ಡ್‌ಪ್ರೆಸ್ 2003ರಲ್ಲಿ ಹೊರಬಂದದ್ದು, ಯಾರು ಬೇಕಾದರೂ ಬಳಸಿ ಬದಲಾಯಿಸಿಕೊಳ್ಳಬಹುದಾದದ್ದು. ಅಂದರೆ ಜಾಗ ಒಬ್ಬರದು, ಗೋಡೆ ಇನ್ನೊಬ್ಬರದು, ಒಳಗಿನ ಪೆಟ್ಟಿಗೆ ನಮ್ಮದು, ಪೆಟ್ಟಿಗೆಯೊಳಗಿನ ಕಾಗದ ಅಜ್ಜಿಯದು. ಬಾಗಿಲ ಮೇಲೆ ಯಾರ ಹೆಸರಿರಬೇಕು?

ಈ ಪ್ರಶ್ನೆಯನ್ನು ನಮ್ಮ ಮಂಡಳಿಯ ಮುಂದಿಟ್ಟಾಗ, ನನ್ನ ವಯಸ್ಸಿನ ಮಿತ್ರರೊಬ್ಬರು ಕಂಪನಿಯ ಪಕ್ಷ ವಹಿಸಿದರು. ಅವರು ಕಡಮೆ ಬಾಡಿಗೆಗೆ ಜಾಗ ಕೊಟ್ಟಿದ್ದಾರೆ, ಹೆಸರಿದ್ದರೆ ನಮ್ಮ ಗಂಟೇನು ಹೋಯಿತು, ಅನ್ನದಾತರ ಹೆಸರು ಅಳಿಸುವುದು ಕೃತಘ್ನತೆಯಲ್ಲವೇ, ಎಂದರು. ಗಂಟು ಹೋಗಿತ್ತೆಂಬುದು ಬೇರೆ ಮಾತು. ಆದರೆ ಅವರ ವಾದ ಹೊಸದಲ್ಲ. ನಮ್ಮ ಸೀಮೆಯ ಕಲ್ಲುಗಳ ಮೇಲೆಲ್ಲ ಅದೇ ವಾದ ಕೆತ್ತಿಕೊಂಡು ನಿಂತಿದೆ.

ಚಿತ್ರದುರ್ಗದ ಸುತ್ತಣ ನಾಡು ಹಿಂದೆ ನೊಳಂಬವಾಡಿ 32000ಕ್ಕೆ ಸೇರಿದ್ದು. ಚಾಲುಕ್ಯರ, ಹೊಯ್ಸಳರ ಕಾಲದ ಶಾಸನಗಳನ್ನು ಓದಿ ಅಭ್ಯಾಸವಿದ್ದವರಿಗೆ ಅದರ ಧಾಟಿ ಗೊತ್ತು. ಸಾಮಂತನೊಬ್ಬ ಕೆರೆ ಕಟ್ಟಿಸಿ ಗದ್ದೆ ಬಿಟ್ಟಿರುತ್ತಾನೆ. ಶಾಸನ ಅವನಿಂದ ಮೊದಲಾಗುವುದಿಲ್ಲ. ಮೊದಲು ಚಕ್ರವರ್ತಿ, ಅವನ ಬಿರುದುಗಳು, ಅವನ ರಾಜ್ಯ ಚಂದ್ರಾರ್ಕತಾರವಾಗಿ ಬೆಳೆಯುತ್ತಿರಲೆಂಬ ಹಾರೈಕೆ. ಆಮೇಲೆ ‘ತತ್ಪಾದಪದ್ಮೋಪಜೀವಿ’ ಎಂಬ ಒಂದು ಪದ. ಅವನ ಪಾದಕಮಲಗಳನ್ನು ಆಶ್ರಯಿಸಿ ಬದುಕುವವನು ಎಂದರ್ಥ. ಆ ಪದ ದಾಟಿದ ಮೇಲೆ ಸಾಮಂತನ ಸರದಿ, ಅವನ ಬಿರುದುಗಳು. ಕೆರೆಯ ಮಾತು ಬರುವ ಹೊತ್ತಿಗೆ ಅರ್ಧ ಕಲ್ಲು ಮುಗಿದಿರುತ್ತದೆ. ಇಂದಿನ ವೆಬ್‌ಸೈಟುಗಳ ಅಡಿಯಲ್ಲಿ ‘ಇಂಥವರ ಬಲದಿಂದ ನಡೆಯುತ್ತಿದೆ’ ಎಂಬ ಸಾಲನ್ನು ಕಂಡಾಗಲೆಲ್ಲ ನನಗೆ ಈ ಹಳೆಯ ಸಮಾಸ ನೆನಪಾಗುತ್ತದೆ. ಆದರೂ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಆ ಕಲ್ಲಿನಲ್ಲಿ ಚಕ್ರವರ್ತಿಯ ಹೆಸರಿರುವುದು ಬರಿಯ ಹೊಗಳಿಕೆಗಲ್ಲ. ದಾನಕ್ಕೆ ಯಾರಾದರೂ ಅಡ್ಡಿಮಾಡಿದರೆ ಯಾರ ಬಳಿಗೆ ಹೋಗಬೇಕೆಂಬುದೂ ಅದರಿಂದ ತಿಳಿಯುತ್ತಿತ್ತು. ಅವನು ಹೊಣೆಗಾರ. ನಮ್ಮ ಅಜ್ಜಿಯ ಕಾಗದ ಕಳೆದುಹೋದರೆ ಹೋಸ್ಟಿಂಗ್ ಕಂಪನಿ ಅವರಿಗೆ ಉತ್ತರ ಹೇಳುತ್ತದೆಯೇ? ಅವರು ಯಾರೆಂಬುದೇ ಅದಕ್ಕೆ ತಿಳಿಯದು.

ಒಡೆಯರ ಹೆಸರು ಬಾಗಿಲಿಗೆ ಹತ್ತುವುದೂ ಬಾಗಿಲಿನಿಂದ ಇಳಿಯುವುದೂ ಚಿತ್ರದುರ್ಗ ಕಂಡಷ್ಟು ಬೇರೆ ಊರು ಕಂಡಿರಲಾರದು. ವಿಜಯನಗರದ ಅರಸರ ಕೈಕೆಳಗೆ ನಾಯಕತನ ಪಡೆದ ತಿಮ್ಮಣ್ಣ ನಾಯಕನಿಂದ ಇಲ್ಲಿನ ಮನೆತನ ಮೊದಲಾಯಿತು. 1565ರ ತರುವಾಯ ಹಂಪೆಯೇ ಹಾಳುಬಿದ್ದಾಗ ನಾಯಕರು ಮೆಲ್ಲಮೆಲ್ಲನೆ ಸ್ವತಂತ್ರರಾದರು. ಇನ್ನೂರು ವರ್ಷ ಕೋಟೆಯ ಬಾಗಿಲು ಅವರದು. 1779ರಲ್ಲಿ ಹೈದರಾಲಿ ಕೊನೆಯ ಮದಕರಿ ನಾಯಕನನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದ. ಬೇಡರ ಸಾವಿರಾರು ಕುಟುಂಬಗಳನ್ನೂ ಅಲ್ಲಿಗೆ ಸಾಗಿಸಿದ. ಮುಂದೆ ಟಿಪ್ಪು ಊರುಗಳಿಗೆಲ್ಲ ಹೊಸ ಹೆಸರಿಟ್ಟಾಗ ನಮ್ಮ ದುರ್ಗ ‘ಫರ್ರುಖ್‌ಯಾಬ್ ಹಿಸಾರ್’ ಆಯಿತು. ಆ ಹೆಸರು ಹೊತ್ತ ನಾಣ್ಯಗಳು ಇಲ್ಲಿನ ಟಂಕಸಾಲೆಯಿಂದ ಹೊರಬಿದ್ದವು. 1799ರಲ್ಲಿ ಅದೂ ಹೋಯಿತು. ಅನಂತರ ಬ್ರಿಟಿಷರ ದಫ್ತರಗಳಲ್ಲಿ ಊರು ‘ಚಿತಲ್‌ಡ್ರೂಗ್’ ಎಂದು ನಾಲಗೆ ತಿರುಚಿಕೊಂಡು ಕುಳಿತಿತು. ಅದೂ ಅಳಿಸಿತು. ಇಷ್ಟೆಲ್ಲ ನಡೆಯುತ್ತಿದ್ದಾಗ ಸಂತೆಗೆ ಹೋಗುವ ರೈತ ಏನೆನ್ನುತ್ತಿದ್ದನೋ ಕಂಡವರಿಲ್ಲ. ಇಂದು ಮಾತ್ರ ನಮ್ಮೂರ ಬಸ್ ನಿಲ್ದಾಣದಲ್ಲಿ ಯಾರೂ ‘ಚಿತ್ರದುರ್ಗದ ಬಸ್ಸು’ ಎಂದು ಕೇಳುವುದಿಲ್ಲ. “ದುರ್ಗದ್ ಬಸ್ ಹೋಯ್ತಾ?” ಎನ್ನುತ್ತಾರೆ.

ಹೊಸದುರ್ಗದ ಕಥೆ ಇದಕ್ಕೆ ವಿರುದ್ಧ. ಬಾಗೂರಿನ ಮೇಲೆ ಕಣ್ಣಿಟ್ಟು 1675ರ ಸುಮಾರಿಗೆ ಆ ಗುಡ್ಡದ ಮೇಲೆ ಕೋಟೆ ಎಬ್ಬಿಸಿದವನು ಚಿಕ್ಕಣ್ಣ ನಾಯಕ. ಕಟ್ಟಿಸಿದವನ ಹೆಸರು ಊರಿಗೆ ಅಂಟಲಿಲ್ಲ. ಹಳೆಯ ದುರ್ಗವೊಂದಿತ್ತು, ಇದು ಹೊಸದು, ಅಷ್ಟೇ. ಹಿರಿಯೂರಿನ ಬಳಿ ವೇದಾವತಿಗೆ ಅಡ್ಡಲಾಗಿ 1898ರಲ್ಲಿ ಮೊದಲಾಗಿ 1907ರಲ್ಲಿ ಮುಗಿದ ಅಣೆಕಟ್ಟಿಗೆ, ಆಗ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಹೆಸರಿಟ್ಟರು. ಹೆಸರು ಯೋಗ್ಯವಾದದ್ದೇ. ಆದರೆ ಜನ ಅದನ್ನು ಸವೆಸಿ ‘ವಿ.ವಿ. ಸಾಗರ’ ಮಾಡಿಕೊಂಡರು. ಹಳಬರ ಬಾಯಲ್ಲಿ ಅದು ಇಂದಿಗೂ ಮಾರಿಕಣಿವೆ. 1933ರಲ್ಲಿ ಕೋಡಿಬಿದ್ದ ಜಲಾಶಯ ಮತ್ತೆ ಕೋಡಿಬಿದ್ದದ್ದು 2022ರಲ್ಲಿ. ಆ ದಿನ ನೋಡಲು ಹೋದ ನಮ್ಮೂರಿನವರು ಬಾಗಿನ ಅರ್ಪಿಸಿ ಮೊದಲು ಕೈಮುಗಿದದ್ದು ಕಣಿವೆ ಮಾರಮ್ಮನಿಗೆ. ಇನ್ನು ಹೊಳಲ್ಕೆರೆಯ ಗಣಪತಿ ಬಯಲು ಗಣಪತಿಯೆಂದೇ ಪ್ರಸಿದ್ಧ. ಬಯಲಿಗೆ ಬಾಗಿಲೆಲ್ಲಿ, ಬೋರ್ಡೆಲ್ಲಿ!

ಆದರೆ ಈ ವಿಷಯದಲ್ಲಿ ನನಗೆ ಹೆಚ್ಚು ಬುದ್ಧಿ ಕಲಿಸಿದ್ದು ಒಂದು ನಾಣ್ಯ. ಹೈದರಾಲಿ 1763ರಲ್ಲಿ ಬಿದನೂರನ್ನು ಹಿಡಿದಾಗ ಇಕ್ಕೇರಿ ಅರಸರ ವರಹ ಸುತ್ತಲ ನಾಡಿನಲ್ಲೆಲ್ಲ ಚಲಾವಣೆಯಲ್ಲಿತ್ತು. ಒಂದು ಮುಖದಲ್ಲಿ ಕುಳಿತ ಶಿವಪಾರ್ವತಿಯರು, ಇನ್ನೊಂದು ಮುಖದಲ್ಲಿ ನಾಗರಿಯಲ್ಲಿ ‘ಶ್ರೀ ಸದಾಶಿವ’. ಗೆದ್ದವನು ಅದನ್ನು ಕರಗಿಸಿ ತನ್ನ ಹೆಸರನ್ನು ಮುಂಭಾಗದಲ್ಲಿ ಅಚ್ಚೊತ್ತಬಹುದಿತ್ತು. ಹೈದರ್ ಹಾಗೆ ಮಾಡಲಿಲ್ಲ. ಶಿವಪಾರ್ವತಿಯರನ್ನು ಇದ್ದಂತೆಯೇ ಇರಿಸಿ, ಹಿಂಬದಿಯಲ್ಲಿ ಮಾತ್ರ ತನ್ನ ಹೆಸರಿನ ಮೊದಲ ಪಾರಸಿ ಅಕ್ಷರವನ್ನು, ಒಂದೇ ಅಕ್ಷರವನ್ನು, ಇಟ್ಟ. ಓದುಬರಹ ಬಾರದ ಆ ಮನುಷ್ಯನಿಗೆ ತಿಳಿದಿದ್ದ ಮರ್ಮ ಇಂದಿನ ಎಷ್ಟೋ ಕಂಪನಿಗಳಿಗೆ ತಿಳಿದಿಲ್ಲ. ಅಡಿಕೆ ಮಾರಿ ವರಹ ಎಣಿಸಿಕೊಳ್ಳುವವನು ನೋಡುವುದು ಮುಂಭಾಗವನ್ನು. ಅದು ಅವನು ನಂಬಿದ ಮುಖ. ಅದನ್ನು ಕೆಡಿಸಿದರೆ ಚಿನ್ನ ಅಷ್ಟೇ ಇದ್ದರೂ ವರಹ ನಡೆಯದು. ಮುಂದೆ ಟಿಪ್ಪು ದೇವರ ಚಿತ್ರವನ್ನು ತೆಗೆದರೂ ತಂದೆಯ ಆ ಅಕ್ಷರವನ್ನು ಉಳಿಸಿಕೊಂಡ. 1799ರ ನಂತರ ಮುಮ್ಮಡಿ ಕೃಷ್ಣರಾಜ ಒಡೆಯರ ವರಹದಲ್ಲಿ ಶಿವಪಾರ್ವತಿಯರು ಮತ್ತೆ ಬಂದು ಕುಳಿತರು, ಹಿಂದೆ ‘ಶ್ರೀ ಕೃಷ್ಣರಾಜ’ ಎಂದಾಯಿತು. ಅದೇ ಹೈದರ್ ಬಿದನೂರಿಗೆ ಮಾತ್ರ ‘ಹೈದರ್‌ನಗರ’ವೆಂದು ಹೆಸರಿಟ್ಟಿದ್ದ. ಜನ ಮುಂದಿನ ಅರ್ಧವನ್ನು ಉದುರಿಸಿಬಿಟ್ಟರು. ಇಂದು ಅದು ಬರಿಯ ‘ನಗರ’.

ಹಾಗಾದರೆ ಕಟ್ಟಿದವನ ಹೆಸರನ್ನು ಪೂರ್ತಿ ಅಳಿಸಬೇಕೆ? ಇದಕ್ಕೆ ಒಪ್ಪಲು ಇತಿಹಾಸ ಓದಿದವನ ಮನಸ್ಸು ಹಿಂಜರಿಯುತ್ತದೆ. ನಮ್ಮದೇ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ, ಅದರ ನೆರೆಯ ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರದಲ್ಲಿ, 1892ರಲ್ಲಿ ರೈಸ್ ಸಾಹೇಬರು ಅಶೋಕನ ಶಾಸನಗಳನ್ನು ಪತ್ತೆಮಾಡಿದರು. ಅಲ್ಲಿ ‘ಅಶೋಕ’ ಎಂಬ ಹೆಸರೇ ಇಲ್ಲ. ‘ದೇವಾನಾಂಪ್ರಿಯ’ ಎಂದು ಮಾತ್ರ ಇದೆ. ಸಿಂಹಳದ ಗ್ರಂಥಗಳಿಂದ ಪಂಡಿತರು ಅವನಾರೆಂದು ಮೊದಲೇ ಗುರುತಿಸಿದ್ದರೂ, ಕಲ್ಲಿನ ಮೇಲೆಯೇ ಆ ಹೆಸರನ್ನು ಕಾಣಲು 1915ರಲ್ಲಿ ಮಸ್ಕಿಯ ಬಂಡೆ ಸಿಕ್ಕುವವರೆಗೆ ಕಾಯಬೇಕಾಯಿತು. ಆದರೆ ಬ್ರಹ್ಮಗಿರಿಯ ಕಲ್ಲಿನ ಕೊನೆಯಲ್ಲಿ, ಎಲ್ಲ ಮುಗಿದ ಮೇಲೆ, ಬರೆದವನು ತನ್ನ ಹೆಸರು ಕಾಣಿಸಿದ್ದಾನೆ: ಚಪಡ. ತಾನು ಲಿಪಿಕಾರನೆಂಬ ಮಾತನ್ನು ಮಾತ್ರ ಇಲ್ಲಿಯ ಬ್ರಾಹ್ಮಿಯಲ್ಲಿ ಬರೆಯದೆ, ವಾಯವ್ಯ ದೇಶದ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಎಷ್ಟು ದೂರದಿಂದ ಬಂದ ಕೈಯೋ! ಆಜ್ಞೆಯ ತಲೆಯ ಮೇಲೆ ಅವನು ಕುಳಿತುಕೊಳ್ಳಲಿಲ್ಲ, ಆದರೆ ಅಳಿಸಿಹೋಗಲೂ ಇಲ್ಲ. ನನಗೆ ಆ ಜಾಗ ಸರಿಯೆನ್ನಿಸುತ್ತದೆ.

ಮಂಡಳಿಯಲ್ಲಿ ನಾನು ಇದನ್ನೆಲ್ಲ ಹೇಳಿದಾಗ ಮಿತ್ರರು, “ಲಾಂಛನ ತೆಗೆಯಲು ಅಶೋಕ ಬೇಕಾಯಿತೆ?” ಎಂದು ನಕ್ಕರು. ಒಪ್ಪಿದರು.

ತೆಗೆಯುವುದು ಮಾತ್ರ ನಾವೆಣಿಸಿದಷ್ಟು ಸುಲಭವಾಗಲಿಲ್ಲ. ನಮ್ಮ ವೆಬ್‌ಸೈಟನ್ನು ನೋಡಿಕೊಳ್ಳುವ ಹುಡುಗ ಇಂಜಿನಿಯರಿಂಗ್ ಓದುತ್ತಿರುವವನು. ಮೊದಲ ದಿನ ನಾಲ್ಕು ಸಾಲು ಬರೆದು ಲಾಂಛನವನ್ನು ಮರೆಮಾಡಿದ. ಮರುವಾರ ಅದು ಮತ್ತೆ ಹಾಜರು. ಹುಡುಕಿದಾಗ, ಕಂಪನಿಯವರು ತಮ್ಮ ಕಡತವೊಂದನ್ನು ಬೇರೆಯೇ ಫೋಲ್ಡರಿನಲ್ಲಿ ಇಟ್ಟಿದ್ದರು. ಸಾಮಾನ್ಯ ಪ್ಲಗಿನ್‌ಗಳನ್ನು ನಿಲ್ಲಿಸುವಂತೆ ಅದನ್ನು ನಿಲ್ಲಿಸಲು ಬರುವುದಿಲ್ಲ, ತಾನಾಗಿಯೇ ಓಡುತ್ತದೆ. ಆ ಕಡತವನ್ನೇ ಅಳಿಸಿದ. ಅವರ ಕಡೆಯಿಂದ ಹೊಸ ಅಪ್‌ಡೇಟ್ ಬಂದಾಗ ಮತ್ತೆ ಬಂತು. ಕೋಟೆಯ ಬಾಗಿಲಿಗೆ ಹಗಲು ಬಣ್ಣ ಬಳಿದು ಹೋದರೆ ರಾತ್ರಿ ಯಾರೋ ಬಂದು ಹಳೆಯ ಬಣ್ಣ ಬಳಿದಂತೆ. ಕೊನೆಗೆ ನಾನು, ಕದ್ದು ಅಳಿಸುವ ಬದಲು ಕೇಳಿಯೇ ನೋಡೋಣವೆಂದು ಒಂದು ಕಾಗದ ಬರೆದೆ. ಲಾಂಛನವನ್ನು ನಂಬಿ ಬರುವವರು ನಮ್ಮ ಗ್ರಾಹಕರು, ನಿಮ್ಮವರಲ್ಲ. ಅಪರಿಚಿತ ಹೆಸರು ಕಂಡಲ್ಲಿ ಪಾಸ್‌ವರ್ಡು ಬರೆಯಬೇಡಿರೆಂದು ಬ್ಯಾಂಕಿನವರೂ ಪೊಲೀಸಿನವರೂ ಜನಕ್ಕೆ ಬುದ್ಧಿ ಹೇಳುತ್ತಿರುವ ಈ ದಿನಗಳಲ್ಲಿ, ನಿಮ್ಮ ಹೆಸರು ನೋಡಿ ಹೆದರಿದ ಅಜ್ಜಿಯದು ತಪ್ಪಲ್ಲ ಎಂದು ಬರೆದೆ. ಹದಿನೈದು ದಿನಕ್ಕೆ ಉತ್ತರ ಬಂತು. ತಮ್ಮ ಕಡೆಯಿಂದಲೇ ಅದನ್ನು ನಿಲ್ಲಿಸಿದ್ದರು.

ಹುಡುಗ ಅಲ್ಲಿ ನಮ್ಮ ಸಂಗ್ರಹದ ಹೆಸರನ್ನು ಕನ್ನಡದಲ್ಲಿ ಬರೆದ, ಕೆಳಗೆ ಹೊಳಲ್ಕೆರೆ ಎಂದು ಸೇರಿಸಿದ. ‘ನಮ್ಮ ಬಗ್ಗೆ’ ಎಂಬ ಒಳಪುಟದ ಕೊನೆಯಲ್ಲಿ ಜಾಗ ಕೊಟ್ಟ ಕಂಪನಿಯ ಹೆಸರನ್ನೂ, ತಂತ್ರಾಂಶದ ಹೆಸರನ್ನೂ ಸಣ್ಣ ಅಕ್ಷರಗಳಲ್ಲಿ ಹಾಕಿಸಿದೆ. ತನ್ನ ಹೆಸರನ್ನು ಹಾಕೆಂದರೆ ಹುಡುಗ ಒಪ್ಪಲಿಲ್ಲ.

ಅಜ್ಜಿಗೆ ಹೇಳಿಕಳಿಸಿದೆವು. ದೀಪಾವಳಿ ಕಳೆದ ಮೇಲೆ ಬಂದರು. ಮೊಮ್ಮಗನ ಕೈಯಿಂದ ಮೊಬೈಲು ತೆಗೆದುಕೊಂಡು, ಕನ್ನಡಕ ಏರಿಸಿ, ಅಕ್ಷರ ಅಕ್ಷರವಾಗಿ ಓದಿದರು. ಒಳಗೆ ಹೋಗಿ ಎಲ್ಲವನ್ನೂ ತೆರೆಸಿ ನೋಡಿದರು. ಕೊನೆಯ ಸಣ್ಣ ಸಾಲೂ ಅವರ ಕಣ್ಣು ತಪ್ಪಲಿಲ್ಲ.

“ಇದು ಆವತ್ತಿನವರೇ ಅಲ್ಲವಾ?”

“ಹೌದಮ್ಮ.”

“ಅಲ್ಲಿ ಇದ್ರೆ ಇರ್ಲಿ ಬಿಡಿ” ಎಂದು ಚೀಲದಿಂದ ಗಂಟು ತೆಗೆದು ಮೇಜಿನ ಮೇಲಿಟ್ಟರು.

ಬಿಚ್ಚಿದಾಗ ಎಲ್ಲಕ್ಕಿಂತ ಮೇಲಿದ್ದುದು ಅಂಚು ಹರಿದ ಒಂದು ಹಳೆಯ ಕಾಗದ. ಕೆಳಗೆ ಕನ್ನಡದಲ್ಲಿ ಹೊಲದ ಚೆಕ್ಕುಬಂದಿ, ಸಾಕ್ಷಿಗಳ ರುಜು. ನೆತ್ತಿಯ ಮೇಲೆ ದೊಡ್ಡದಾಗಿ ಒಂದು ಪಾರಸಿ ಮೊಹರು. ಅದು ಯಾರದೆಂದು ಇನ್ನೂ ಓದಿಸಬೇಕಾಗಿದೆ.