ಜಗಲಿ ಪುರಾಣ

ಮೊದಲಿಗೆ ಒಂದು ಪ್ರಶ್ನೆ. ನಿಮ್ಮ ಮನೆಗೆ ಜಗಲಿ ಇದೆಯಾ? ಬೆಂಗಳೂರಿನ 30-40 ಸೈಟಿನ ಕಾರ್ ಪೋರ್ಟಿಕೋ ಲೆಕ್ಕಕ್ಕಿಲ್ಲ. ಗ್ರಿಲ್ ಹಾಕಿ ಬೀಗ ಜಡಿದ ಸಿಟೌಟೂ ಇಲ್ಲ. ಬೆಲ್ ಒತ್ತದೆ ಯಾರಾದ್ರೂ ಬಂದು ಕೂತು, ಬೆವರು ಒರೆಸಿಕೊಂಡು, "ಒಂದು ಚೊಂಬು ನೀರು ಕೊಡಿ" ಅಂತ ಕೇಳಬಹುದಾದ ಜಾಗ... ಅಂಥದ್ದು.

ಸಾಗರದ ಹತ್ತಿರದ ನಮ್ಮೂರ ಮನೆಗೆ ಅಂಥದ್ದೊಂದು ಇದೆ. ಕಳೆದ ಬೇಸಿಗೆಯಲ್ಲಿ ಅದನ್ನ ರಿಪೇರಿ ಮಾಡಿಸಿದ್ವಿ. ಪಕಾಸಿ, ರೀಪು ಎಲ್ಲ ಒರಲೆ ತಿಂದು ಟೊಳ್ಳಾಗಿತ್ತು. "ಕಿತ್ತು ಹಾಕಿ ಆರ್‌ಸಿಸಿ ಮಾಡಿಸಿ, ಮುಂದೆ ಗ್ರಿಲ್ ಹಾಕಿಸೋಣ" ಅಂತ ಅಪ್ಪ. "ಬೇಡ, ಹಂಗೇ ಇರ್ಲಿ" ಅಂತ ನಾನು. ದಿನವಿಡೀ ಕಂಪ್ಯೂಟರ್ ಮುಂದೆ ಕೂರೋನಿಗೆ ಊರಿಗೆ ಹೋದಾಗ ಮಳೆ ನೋಡ್ತಾ ಕೂರೋಕೆ ಒಂದು ಜಾಗ ಬೇಡ್ವಾ? ಕೊನೆಗೆ ನಾನೇ ಗೆದ್ದೆ (ಅರ್ಧ ಖರ್ಚು ನಂದು ಅಂದಿದ್ದಕ್ಕೆ!).

ಹೆಂಚು ಇಳಿಸುವಾಗಲೇ ಇತಿಹಾಸದ ಪಾಠ ಶುರುವಾಯ್ತು. ಕೆಲವು ಹೆಂಚುಗಳ ಬೆನ್ನ ಮೇಲೆ ಇಂಗ್ಲಿಷಿನಲ್ಲಿ ಬಾಸೆಲ್ ಮಿಷನ್ ಹೆಸರು, ಜೊತೆಗೆ 1865 ಅನ್ನೋ ಇಸವಿ. ಅದು ಹೆಂಚು ಸುಟ್ಟ ವರ್ಷ ಅಲ್ಲ, ಮಂಗಳೂರಿನ ಜೆಪ್ಪುವಿನಲ್ಲಿ ಮಿಷನ್ನಿನ ಪ್ಲೆಬ್ಸ್ಟ್ ಎಂಬಾತ ಹೆಂಚಿನ ಕಾರ್ಖಾನೆ ಶುರುಮಾಡಿದ ವರ್ಷ. ಮೊದಲ ಮಹಾಯುದ್ಧದ ಹೊತ್ತಲ್ಲಿ ಬ್ರಿಟಿಷರು ಆ ಕಾರ್ಖಾನೆಗಳನ್ನು ವಶಪಡಿಸಿಕೊಂಡರು. ಆಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋಗಿ, ಹೆಂಚಿನ ಮೇಲಿನ ಹೆಸರೂ ಬದಲಾಯ್ತು. ಅಂದ್ರೆ ನಮ್ಮ ತಲೆ ಮೇಲಿದ್ದ ಆ ಹೆಂಚುಗಳಿಗೆ ನೂರು ವರ್ಷದ ಮೇಲಾಗಿದೆ! ಅವನ್ನ ತೊಳೆದು ಮತ್ತೆ ಹೊದೆಸಿದ್ದೀವಿ. ಮಂಗಳೂರು ಹೆಂಚು ಬರೋದಕ್ಕೆ ಮುಂಚೆ ಈ ಕಡೆ ಹೆಚ್ಚಿನ ಮನೆಗಳಿಗೆ ಹುಲ್ಲಿನದೋ ಸೋಗೆಯದೋ ಮಾಡು. ಮಣ್ಣಿನ ಗೋಡೆಗೆ ಇರಚಲು ತಾಗದ ಹಾಗೆ ಮಾಡನ್ನು ಮುಂದಕ್ಕೆ ಇಳಿಸಲೇಬೇಕು. ಹಾಗೆ ಇಳಿಸಿದ ಮಾಡಿನ ಕೆಳಗೆ ಸಿಕ್ಕ ಜಾಗವೇ ಜಗಲಿ.

ಮನುಷ್ಯನಿಗೆ ಕಟ್ಟಡದ ಅಂಚಲ್ಲಿ ಕೂರುವ ಆಸೆ ಮಾತ್ರ ಬಹಳ ಹಳೇದು. ಚಾಲುಕ್ಯ-ಹೊಯ್ಸಳರ ಕಾಲದ ಗುಡಿಗಳ ತೆರೆದ ಮಂಟಪದಲ್ಲಿ ಸುತ್ತಲೂ ಒರಗಿ ಕೂರೋಕೆ ಕಲ್ಲಿನ ಆಸನ ನೋಡಿರ್ತೀರಿ. ಅದಕ್ಕೆ ಕಕ್ಷಾಸನ ಅಂತ ಹೆಸರು. ಮನೆಯ ಜಗಲಿ ಅದರ ಬಡ ತಮ್ಮ ಅನ್ನಬಹುದೇನೋ.

ಇನ್ನೊಂದು ಮಜಾ ವಿಷಯ. ಮದ್ರಾಸ್ ಕಡೆಯ ಇಂಗ್ಲಿಷರು ಜಗಲಿಗೆ 'ಪಯಾಲ್' ಅಂತಿದ್ರು. ಪೋರ್ಚುಗೀಸ್ ಮೂಲದ ಪದ ಅಂತಾರೆ. ಮೇಷ್ಟ್ರ ಮನೆ ಜಗಲಿಯಲ್ಲಿ ನಡೀತಿದ್ದ ಶಾಲೆಗಳಿಗೂ ಅದೇ ಹೆಸರು, 'ಪಯಾಲ್ ಸ್ಕೂಲ್'. ಇಂಥ ಊರ ಶಾಲೆಗಳ ಲೆಕ್ಕ ಕೊಡಿ ಅಂತ 1822ರಲ್ಲಿ ಗವರ್ನರ್ ಥಾಮಸ್ ಮನ್ರೋ ಎಲ್ಲ ಕಲೆಕ್ಟರುಗಳನ್ನೂ ಕೇಳಿದ. ಬಳ್ಳಾರಿಯ ಕಲೆಕ್ಟರ್ ಕ್ಯಾಂಪ್‌ಬೆಲ್ 1823ರಲ್ಲಿ ಉತ್ತರ ಬರೆದ: ಜಿಲ್ಲೆಯಲ್ಲಿ 533 ಶಾಲೆ, 6641 ಮಕ್ಕಳು. ಮರಳಿನ ಮೇಲೆ ಬೆರಳಲ್ಲಿ ಅಕ್ಷರ ತಿದ್ದೋದರಿಂದ ಕಲಿಕೆ ಶುರು. ಓದೋಕೆ ಖುಷಿಯಾಗತ್ತೆ ಅಲ್ವಾ? ಆದ್ರೆ ಅದೇ ಲೆಕ್ಕದಲ್ಲಿ ಹೆಣ್ಣುಮಕ್ಕಳು ಎಷ್ಟು ಗೊತ್ತಾ? ಬರೀ 60.

ಇಲ್ಲೇ ನಾನು ಸ್ವಲ್ಪ ನಿಂತೆ. ಜಗಲಿ ಅಂದ್ರೆ 'ಎಲ್ಲರಿಗೂ ತೆರೆದ ಜಾಗ' ಅಂತ ನಾವೆಲ್ಲ ನಾಸ್ಟಾಲ್ಜಿಯಾದಲ್ಲಿ ಬರೀತೀವಿ. ಎಲ್ಲರಿಗೂ ಅಂದ್ರೆ ಯಾರಿಗೆ?

ನಮ್ಮ ಕಡೆ ಹಳೇ ಮನೆಗಳ ಜಗಲಿಗೆ ಎರಡು ಮಟ್ಟ ಇರತ್ತೆ. ಮೇಲಿನ ಜಗಲಿ, ಕೆಳಗಿನ ಜಗಲಿ. ನಮ್ಮನೇಲೂ ಇತ್ತು. ನೆಂಟರು, ಪುರೋಹಿತರು, ಶಾನುಭೋಗರು ಮೇಲೆ. ವ್ಯಾಪಾರಕ್ಕೆ ಬಂದವರು ಕೆಳಗೆ. ಗೇಣಿ ಒಕ್ಕಲಿನವರು ಅಂಗಳದಲ್ಲಿ, ಹೆಚ್ಚೆಂದರೆ ಮೆಟ್ಟಿಲ ಮೇಲೆ. ಇನ್ನು ಕೆಲವರಿಗೆ ಅಂಗಳಕ್ಕೂ ಪ್ರವೇಶ ಇರಲಿಲ್ಲ, ದಣಪೆಯ ಆಚೆಯಿಂದಲೇ ಕೂಗಬೇಕಿತ್ತು. ಮನೆ ಹೆಂಗಸರೂ ಗಂಡಸರು ಕೂತಿದ್ದಾಗ ಜಗಲಿಗೆ ಬರ್ತಿರಲಿಲ್ಲ, ಅವರದ್ದೇನಿದ್ರೂ ಹಿತ್ತಿಲು. ಒಬ್ಬ ಮನುಷ್ಯ ಎಲ್ಲಿ ಕೂತಿದ್ದಾನೆ ಅಂತ ನೋಡಿದ್ರೆ ಸಾಕು, ಅವನ ಜಾತಿ ಕೇಳೋದೇ ಬೇಡ!

ನಮ್ಮೂರಿನಿಂದ ಕಾಗೋಡು ದೂರವೇನಲ್ಲ. 1951ರಲ್ಲಿ ಅಲ್ಲಿ ಗೇಣಿ ಅಳೆಯುವ ಕೊಳಗದ ಅಳತೆಯ ಜಗಳ ದೊಡ್ಡ ಸತ್ಯಾಗ್ರಹವಾಯ್ತು. ಗಣಪತಿಯಪ್ಪ, ಶಾಂತವೇರಿ ಗೋಪಾಲಗೌಡ ಮುಂದೆ ನಿಂತರು, ಲೋಹಿಯಾ ಬಂದು ಬಂಧನಕ್ಕೊಳಗಾದರು. ಹೋರಾಡಿದ್ದು ಬರೀ ಭತ್ತದ ಲೆಕ್ಕಕ್ಕಲ್ಲ, ಮನುಷ್ಯರ ಹಾಗೆ ಎದುರು ನಿಂತು ಮಾತಾಡೋ ಹಕ್ಕಿಗೂ ಹೌದು. 1974ರ ಭೂಸುಧಾರಣೆಯ ನಂತರ ಉಳುವವನೇ ಹೊಲದೊಡೆಯನಾದ. ನಮ್ಮನೆ ಗದ್ದೆಯೂ ಒಂದಿಷ್ಟು ಹೋಯ್ತು. ಅಜ್ಜ ಕಡೇವರೆಗೂ ಆ ಮಾತು ಎತ್ತಿದ್ರೆ ಮುಖ ತಿರುಗಿಸ್ತಿದ್ರು, ಅದೇ ಮೇಲಿನ ಜಗಲಿ ಮೇಲೆ ಕೂತು.

ರಿಪೇರಿ ಹೊತ್ತಲ್ಲಿ ಗಾರೆಯವರು ಕೇಳಿದ್ರು, "ಮೇಲ್ಜಗಲಿ, ಕೆಳಜಗಲಿ ಮೊದಲಿನ ಹಂಗೇ ಮಾಡದಾ?" ನಾನು "ಬೇಡ, ಒಂದೇ ಮಟ್ಟ ಮಾಡಿ" ಅಂದೆ. ಅಪ್ಪ ಒಂದು ನಿಮಿಷ ಸುಮ್ಮನಿದ್ದು, "ಒಳ್ಳೇದೇ ಆತು, ಹತ್ತಿ ಇಳಿಯೋಕೆ ಮಂಡಿ ನೋವು" ಅಂದ್ರು. ಅಪ್ಪನ ಕ್ರಾಂತಿ ಅಷ್ಟೇ ಸದ್ದಿನದ್ದು. ಹಳೇ ಮರದ ಕಂಬ, ದಳಿ ಹಾಗೇ ಉಳಿಸಿ ಎಣ್ಣೆ ಹಚ್ಚಿದ್ವಿ. ನೆಲಕ್ಕೆ ಟೈಲ್ಸ್ ಬೇಡ ಅಂತ ಕೆಂಪು ಕಾವಿ ಹಾಕಿಸಿದ್ವಿ. ತಿಂಗಳುಗಟ್ಟಲೆ ತೆಂಗಿನ ಎಣ್ಣೆ ಬಟ್ಟೆಯಲ್ಲಿ ಒರೆಸಿ ಒರೆಸಿ ಈಗ ಕನ್ನಡಿ ಹಾಗೆ ಹೊಳೀತಿದೆ. ಮಧ್ಯಾಹ್ನ ಅದರ ಮೇಲೆ ಬರಿಮೈಯಲ್ಲಿ ಮಲಗುವ ಸುಖ ಇದೆಯಲ್ಲ... ಯಾವ ಎಸಿ ಕೊಡತ್ತೆ ಹೇಳಿ?

ಕೊನೆಕೊಯ್ಲಿನ ಟೈಮಿಗೆ ನಮ್ಮನೆಗೆ ಬರುವ ಹಿರಿಯರೊಬ್ಬರಿದ್ದಾರೆ. ಎಪ್ಪತ್ತು ದಾಟಿದೆ. ಹೊಸ ಜಗಲಿ ನೋಡಿ "ಚೊಲೋ ಆಗೈತೆ" ಅಂದ್ರು. ಮೇಲೆ ಬಂದು ಕೂತ್ಕೊಳ್ಳಿ ಅಂದ್ರೆ "ಇರ್ಲಿ ಬಿಡಿ ಅಯ್ಯ, ಇಲ್ಲೇ ಸಾಕು" ಅಂತ ಮೆಟ್ಟಿಲ ಮೇಲೇ ಕೂತ್ರು. ಎಷ್ಟು ಕರೆದ್ರೂ ಅಷ್ಟೇ. ನೆಲ ಮಟ್ಟ ಮಾಡೋಕೆ ಮೂರು ದಿನ ಸಾಕಾಯ್ತು, ಇದಕ್ಕೆ ಎಷ್ಟು ವರ್ಷ ಬೇಕೋ. ಜೊತೆಗೆ ಬಂದಿದ್ದ ಅವರ ಮೊಮ್ಮಗಳು, ಪಿಯುಸಿ ಓದ್ತಿರೋ ಹುಡುಗಿ, ಸೀದಾ ಮೇಲೆ ಬಂದು ಕಂಬಕ್ಕೆ ಒರಗಿ ಕೂತು "ಇಲ್ಲಿ ನೆಟ್‌ವರ್ಕ್ ಸಿಗತ್ತಾ?" ಅಂದ್ಲು.

ನಮ್ಮನೇಲಿ ನೆಟ್‌ವರ್ಕ್ ಸಿಗೋದು ಜಗಲಿಯಲ್ಲಿ ಮಾತ್ರ!

ಸರಿ, ನಿಮ್ಮ ಕಡೆ ಇದಕ್ಕೆ ಏನಂತೀರಿ? ಜಗುಲಿ, ಕಟ್ಟೆ, ಪಡಸಾಲೆ? ಅದರ ಮೇಲೆ ಯಾರು ಕೂರ್ತಿದ್ರು, ಯಾರು ಕೂರ್ತಿರಲಿಲ್ಲ? ಮನೆ ಹಿರಿಯರನ್ನ ಒಂದ್ಸಲ ಕೇಳಿ ನೋಡಿ.